ಕೊಪ್ಪಳದಾಗ 7 ಫೂಟಿನ ಗ್ವಾಡಿ ವಾರ್ಡ್ರೋಬ್‌ಗೆ ಎಷ್ಟು ಖರ್ಚು ಬರ್ತೈತಿ ರೀ? ಒಬ್ಬೊಬ್ರು ಒಂದೊಂದು ರೇಟ್ ಹೇಳಾಕತ್ತಾರ

ಭಾಗ್ಯನಗರ_ಹೊಸಮನಿ:

ನಮಸ್ಕಾರ ರೀ ಎಲ್ಲಾರ್ಗೂ. ಕೊಪ್ಪಳ ಬಾಜು ಭಾಗ್ಯನಗರದಾಗ ಮನಿ ಕಟ್ಟಸಾಕತ್ತೀವಿ. ಪ್ಲಾಸ್ಟರ್ ಮುಗದೈತಿ, ಕರೆಂಟಿನ ಪೈಪ್ ಎಲ್ಲಾ ಹೂತಾರ, ಟೈಲ್ಸ್ ಇನ್ನೂ ಬಿದ್ದಿಲ್ಲ. ಮಾಸ್ಟರ್ ಬೆಡ್‌ರೂಮಿನಾಗ ಗೌಂಡಿ ವಾರ್ಡ್ರೋಬ್ ಸಲುವಾಗಿ ಗ್ವಾಡ್ಯಾಗ ಜಾಗಾ ಬಿಟ್ಟಾನ, ಅಗಲ 7 ಫೂಟು, ಆಳ 2 ಫೂಟ್ 2 ಇಂಚು, ನೆಲದಿಂದ 7 ಫೂಟಿಗೆ ಒಂದು ಆರ್‌ಸಿಸಿ ಲಾಫ್ಟ್ ಐತಿ, ಅದರ ಮ್ಯಾಲೆ ಛತ್ತಿನ ತನಕ ಇನ್ನೊಂದು 3 ಫೂಟು. ಅಂದ್ರ ಮುಂದಿನ ಮುಖ ಒಟ್ಟು 70 ಸ್ಕ್ವೇರ್ ಫೀಟ್ ಆತು.

ಇಷ್ಟಕ್ಕ ರೇಟ್ ಕೇಳಿದ್ರ ತಲಿ ತಿರಗಾಕತ್ತೈತಿ. ಊರಾಗಿನ ಬಡಿಗೇರ ಒಬ್ರು ಮಟೀರಿಯಲ್ ಎಲ್ಲಾ ಅವರ್ದ, ಸ್ಕ್ವೇರ್ ಫೀಟಿಗೆ 1,250 ಅಂದಾರ, ಅಂದ್ರ 87,500. 710 ಪ್ಲೈ, ಅಂದ್ರ ನೀರು ತಡಿಯೋ ಪ್ಲೈ, ಹಾಕ್ತೀನಿ ಅಂತ ಬಾಯಿಲೆ ಹೇಳ್ಯಾರ. ಇನ್ನೊಬ್ರು ಸಾಮಾನು ನೀವು ತಂದುಕೊಡ್ರಿ ನನ್ನ ಕೂಲಿ 380 ಅಂದ್ರು, ಅದು 26,600 ಆಗ್ತೈತಿ, ಆದ್ರ ಸಾಮಾನಿಗೆ ಎಷ್ಟು ಬೀಳ್ತೈತಿ ಅಂತ ಕೇಳಿದ್ರ ಅಂಗಡ್ಯಾಗ ಕೇಳ್ರಿ ಅಂತಾರ. ಮಾಡ್ಯುಲರ್ ಶೋರೂಮಿನಾಗ 1,650 ಮತ್ತ ಅದರ ಮ್ಯಾಲೆ 18% ಜಿಎಸ್‌ಟಿ, ಲೆಕ್ಕ ಹಾಕಿದ್ರ 1,36,290 ಬಂತು. ಕಡೀಕ ಕಿಡಕಿ ಮಾಡಾಕ ಬಂದ ಅಲ್ಯೂಮಿನಿಯಂ ಹುಡುಗ ಎಸಿಪಿ (ಎರಡೂ ಮೈಗೆ ತೆಳು ಅಲ್ಯೂಮಿನಿಯಂ ಇರೋ) ಶೀಟಿನಾಗ 550ಕ್ಕ ಮಾಡಿಕೊಡ್ತೀನಿ ಅಂದ, 38,500. ಒಂದ ಜಾಗಾಕ್ಕ 38 ಸಾವಿರದಿಂದ 1 ಲಕ್ಷ 36 ಸಾವಿರ ತನಕ ಫರಕ್ ಹೆಂಗ ಬರ್ತೈತಿ ಅನ್ನೋದ ತಿಳೀವಲ್ದು.

ನಮ್ಮ ಬಜೆಟ್ 90 ಸಾವಿರ, ಅದರ ಮ್ಯಾಲೆ ಹೋಗಾಕ ಆಗಂಗಿಲ್ಲ, ಯಾಕಂದ್ರ ಅಡಗಿಮನಿ ಇನ್ನೂ ಬಾಕಿ ಐತಿ. ಮನ್ಯಾಕಿಗೆ ಸ್ಲೈಡಿಂಗ್ ಬಾಗಲಾ ಬೇಕಂತ. ಇನ್ನೊಂದು ಮಾತು, ಆ ಗ್ವಾಡಿ ಹಿಂದಿನ ಕಡೆ ಅಟ್ಯಾಚ್ ಬಾತ್‌ರೂಮ್ ಐತಿ, ಅದರಿಂದ ಏನರ ತೊಂದ್ರಿ ಆಗ್ತೈತೇನು? ಈಗ ಮಾಡಿಸಿದವ್ರು ಇದ್ರ ಬಿಡಿಸಿ ಹೇಳ್ರಿ.

ಬಳ್ಳಾರಿ_ಸೈಟ್:

ಅಣ್ಣ, ನೀವು ಕಡೇಲಿ ಹೇಳಿದ ಮಾತೇ ಮೊದ್ಲು ಹೇಳ್ಬೇಕಿತ್ತು. ಹಿಂದೆ ಬಾತ್‌ರೂಮ್ ಐತೆ ಅಂದ್ರೆ ರೇಟಿನ ಮಾತು ಆಮೇಲೆ, ಮೊದ್ಲು ಆ ಗೋಡೆ ನೋಡ್ಕೊಳ್ಳಿ. ನಾನು ಬಳ್ಳಾರಿಲಿ ಸೈಟ್ ನೋಡ್ಕೊಳ್ಳೋನು, ಹಾಳಾದ ವಾರ್ಡ್ರೋಬ್ ತೆಗೆಸೋಕೆ ಅಂತ ಕರೆಸಿದ ಮನೆಗಳಲ್ಲಿ ನಾನು ನೋಡಿರೋದು ಜಾಸ್ತಿ ಇದೇ ಕೇಸು, ಪ್ಲೈ ಚೆನ್ನಾಗಿರುತ್ತೆ, ಬಡಗಿ ಕೆಲಸನೂ ಚೆನ್ನಾಗಿರುತ್ತೆ, ಹಿಂದಿನಿಂದ ನೀರು ಇಳಿದು ಎರಡು ಮಳೆಗಾಲದೊಳಗೆ ಹಿಂದಿನ ಶೀಟು ಕಪ್ಪಾಗಿ ಬಟ್ಟೆಗೆಲ್ಲ ಬೂಷ್ಟು ವಾಸನೆ.

ನಿಮ್ದು ಟೈಲ್ಸ್ ಇನ್ನೂ ಬಿದ್ದಿಲ್ಲ ಅಂದ್ರಲ್ಲ, ಅದು ಒಳ್ಳೇದಾಯ್ತು, ಎಲ್ಲಾ ಸರಿ ಮಾಡ್ಕೊಳ್ಳೋಕೆ ಇದೇ ಟೈಮು. ಬಾತ್‌ರೂಮಿನ ಒಳಗೆ ಟೈಲ್ಸ್ ಹಾಕೋಕೆ ಮುಂಚೆ ವಾಟರ್‌ಪ್ರೂಫಿಂಗ್ ಕೋಟಿಂಗ್ ನೆಲಕ್ಕೆ ಮಾತ್ರ ಅಲ್ಲ, ಆ ಗೋಡೆಗೆ ಶವರ್ ಎತ್ತರದ ತನಕ ಹೊಡೆಸಿ, ನೆಲಕ್ಕೂ ಗೋಡೆಗೂ ಸೇರೋ ಮೂಲೇಲಿ ಎರಡು ಸಲ. ಅದೇ ಗೋಡೇಲಿ ನೀರಿನ ಪೈಪ್ ಹೂತಿದ್ರೆ ಪ್ಲಂಬರ್ ಹತ್ರ ಪ್ರೆಶರ್ ಟೆಸ್ಟ್ ಮಾಡಿಸದೆ ಮುಚ್ಚೋಕೆ ಬಿಡ್ಬೇಡಿ. ಬೆಡ್‌ರೂಮ್ ಕಡೆ ಗೋಡೆ ಒಣಗಿದೆಯೋ ಇಲ್ವೋ ನೋಡೋಕೆ ಎರಡು ಅಡಿ ಉದ್ದ ಎರಡು ಅಡಿ ಅಗಲದ ಪ್ಲಾಸ್ಟಿಕ್ ಹಾಳೆ ತಗೊಂಡು ನಾಲ್ಕೂ ಕಡೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡಿ, ಒಳಗಡೆ ಹನಿ ಕಟ್ಟಿದ್ರೆ ಗೋಡೇಲಿ ಇನ್ನೂ ನೀರಿದೆ ಅಂತ. ಈ ಕಡೆ ಬಿಸಿಲಿಗೆ ಬೇಗ ಒಣಗುತ್ತೆ ಅಂತ ಎಲ್ರೂ ಅಂತಾರೆ, ಹೊರಗಿನ ಗೋಡೆ ಒಣಗುತ್ತೆ, ಗಾಳಿ ಆಡದ ಒಳಗಿನ ಗೋಡೆ ನಿಧಾನ.

ಇನ್ನೊಂದು, ಪ್ಲೈ ಬಾಕ್ಸ್ ನೇರ ನೆಲದ ಮೇಲೆ ಕೂರಿಸಬೇಡಿ. ನಮ್ಮ ಕಡೆ ಹಬ್ಬ ಬಂತು ಅಂದ್ರೆ ಬಕೆಟ್ಟುಗಟ್ಲೆ ನೀರು ಹಾಕಿ ಮನೆ ತೊಳೀತಾರೆ, ಆ ನೀರು ಬಾಕ್ಸಿನ ಅಡಿಗೆ ಹೋಗಿ ಅಲ್ಲೇ ನಿಲ್ಲುತ್ತೆ. ಟೈಲ್ಸ್ ಹಾಕೋವಾಗಲೇ ಆ ಗೂಡಿನೊಳಗೆ ಇಟ್ಟಿಗೆ ಹಾಕಿ 4 ಇಂಚು ಎತ್ತರ ಮಾಡಿಸಿ, ಮೇಲೆ ಗ್ರಾನೈಟ್ ತುಂಡು ಕೂರಿಸಿ ಬಿಡಿ, ಸೈಟಲ್ಲಿ ಮೆಟ್ಟಿಲಿಗೆ ತಂದಿದ್ರಲ್ಲಿ ಉಳಿದ ತುಂಡೇ ಸಾಕಾಗುತ್ತೆ. ಗೆದ್ದಲಿಗೂ ಟೈಲ್ಸ್ ಮುಂಚೆನೇ ಔಷಧಿ ಹೊಡೆಸಿ. ಗೋಡೆ ನೆಲ ಸೇರೋ ಕಡೆ ಅಡಿಗೊಂದು ತೂತು ಕೊರೆದು ಒಳಗೆ ಔಷಧಿ ಬಿಟ್ಟು ಮುಚ್ಚುತ್ತಾರೆ, ಆಮೇಲೆ ಮಾಡಿಸಿದ್ರೆ ಹೊಸ ಟೈಲ್ಸ್ ಕೊರೀಬೇಕಾಗುತ್ತೆ. ಎರೆ ಮಣ್ಣಿನ ಜಾಗ ಆದ್ರೆ ಇದನ್ನ ಬಿಡ್ಲೇಬೇಡಿ.

ರಾಯಚೂರು_ಸ್ಟೇಷನ್‌ರೋಡ್:

ಮ್ಯಾಲಿನವ್ರು ಗ್ವಾಡಿದು ಹೇಳ್ಯಾರ, ನಾ ರೊಕ್ಕದ್ದು ಹೇಳ್ತೀನಿ. ನಮ್ಮ ಮನ್ಯಾಗ ಎಲ್ಲಾ ಕಬೋರ್ಡು ಸಾಮಾನು ನಾನ ತಂದು ಕೂಲಿ ಮ್ಯಾಲೆ ಮಾಡಿಸೀನಿ, ಬಿಲ್ ಎಲ್ಲಾ ಇಟ್ಟೀನಿ, ಅದನ್ನ ನೋಡಿ ನಿಮ್ಮ ಸೈಜಿಗೆ ಲೆಕ್ಕ ಹಾಕ್ತೀನಿ. ರೇಟ್ ರಾಯಚೂರಿಂದು, ಕೊಪ್ಪಳದಾಗ ಐದು ಹತ್ತು ರೂಪಾಯಿ ಆಕಡೆ ಈಕಡೆ ಆಗಬಹುದು.

ಮೊದಲ ಸ್ಕ್ವೇರ್ ಫೀಟ್ ರೇಟ್ ಮರೀರಿ. ಪ್ಲೈ ಬರೋದು ಶೀಟ್ ಲೆಕ್ಕದಾಗ, 8 ಫೂಟು 4 ಫೂಟಿನ ಒಂದು ಶೀಟು, ಅಂದ್ರ 32 ಸ್ಕ್ವೇರ್ ಫೀಟು. ನಿಮ್ಮದಕ್ಕ ಮೂರು ಖಾನೆ ಮಾಡ್ತೀರಿ ಅನ್ಕೋರಿ, ಅಂದ್ರ ನಿಂತಿರೋ ಪಟ್ಟಿ 4, ಒಂದು ಶೀಟಿನಾಗ ಎರಡು ಬರ್ತಾವ, 2 ಶೀಟ್. ಮ್ಯಾಲಿಂದು ಕೆಳಗಿಂದು ಸೇರಿ 1. ಕೆಳಗಿನ 6 ಬಾಗಲಾ 2 ಶೀಟ್, ಲಾಫ್ಟಿನ ಬಾಗಲಾ 1 ಶೀಟ್. ಒಳಗ ಅಡ್ಡ ಹಲಗಿ 9 ಹಾಕಿದ್ರ ಒಂದೂವರಿ ಶೀಟ್. ಲಾಫ್ಟ್ ಫ್ರೇಮು, ಡ್ರಾ ಮುಖ ಎಲ್ಲಾ ಹಿಡಿದು 18 ಎಂಎಂ ಪ್ಲೈ 8 ಶೀಟ್ ಬೇಕು. ನಾ 710 ತಂದಿದ್ದು ಸ್ಕ್ವೇರ್ ಫೀಟಿಗೆ 105ರಂಗ, ಅಲ್ಲಿಗೆ 26,880. ಹಿಂದಿನ ಬೆನ್ನಿಗೆ 6 ಎಂಎಂ 2 ಶೀಟ್ 2,880. ಡ್ರಾ ಬಾಕ್ಸಿಗೆ 12 ಎಂಎಂ 1 ಶೀಟ್ 2,400.

ಈಗ ಮೈಕಾ, ಅಂದ್ರ ಪ್ಲೈ ಮ್ಯಾಲೆ ಅಂಟಿಸೋ ಲ್ಯಾಮಿನೇಟ್ ಹಾಳಿ. ಎಲ್ಲಾರೂ ಹೊರಗಿನ ಮೈಕಾದ ಬಣ್ಣ ಡಿಸೈನ್ ನೋಡಿ ಕುಂದರ್ತಾರ, ಅದು ಬರೇ 3 ಶೀಟ್, 1,500ರಂಗ 4,500. ಆದ್ರ ಒಳಗಿನ ಮೈಕಾ ಅದರ ಮೂರು ಪಟ್ಟು ಹೆಚ್ಚು ಹಿಡೀತದ, ಯಾಕಂದ್ರ ಹಲಗಿಗೆ ಎರಡೂ ಮೈ, ನಿಂತ ಪಟ್ಟಿಗೆ ಎರಡೂ ಮೈ, ಬಾಗಲದ ಹಿಂಭಾಗ, ಬೆನ್ನು, ಎಲ್ಲಾ ಕೂಡಿದ್ರ 310 ಸ್ಕ್ವೇರ್ ಫೀಟ್ ದಾಟ್ತದ. 11 ಶೀಟ್, 600ರಂಗ 6,600. ಇಲ್ಲೇ ಉಳಸ್ತಾರ ನೋಡ್ರಿ, ಒಳಗ ಮೈಕಾ ಹಚ್ಚದ ಬರೇ ಪಾಲಿಶ್ ಇಲ್ಲಾ ಪೇಂಟ್ ಬಳದು ಬಿಡ್ತಾರ, ಮಾತಾಡಿದಾಗ ಅದನ್ನ ಹೇಳಿರಂಗಿಲ್ಲ.

ಹಿಂಜ್ 7 ಫೂಟಿನ ಬಾಗಲಕ್ಕ 4 ಬೇಕ ಬೇಕು, ಮೂರು ಹಾಕಿದ್ರ ಭಾರಕ್ಕ ಮೂಲಿ ಇಳೀತದ. ಕೆಳಗ 24, ಲಾಫ್ಟಿಗೆ 12, ಒಟ್ಟು 36. ಸಾಫ್ಟ್ ಕ್ಲೋಸ್ (ಮೆಲ್ಲಕ ಮುಚ್ಚೋದು) 150ರಂಗ ಹಿಡಿದ್ರ 5,400. ಹ್ಯಾಂಡಲ್, ಕೀಲಿ, ಡ್ರಾ ಚಾನೆಲ್, ಬಟ್ಟಿ ತೂಗಹಾಕೋ ರಾಡ್ ಎಲ್ಲಾ 4,300. ಫೆವಿಕಾಲ್ 20 ಕೆಜಿ 5,000. ಅಂಚಿನ ಪಟ್ಟಿ, ಮೊಳಿ, ಸ್ಕ್ರೂ 3,000. ಟಂಟಂ ಬಾಡಗಿ, ಕಟಿಂಗು 1,500. ಒಟ್ಟು ಸಾಮಾನು 62,460. ಅದಕ್ಕ ನಿಮ್ಮ ಎರಡನೇ ಬಡಿಗೇರ ಹೇಳಿದ ಕೂಲಿ 26,600 ಕೂಡ್ಸಿರಿ, 89,060.

ಈಗ ನೀವ ನೋಡ್ರಿ, ಮೊದಲನೇ ಬಡಿಗೇರ ಎಲ್ಲಾ ಸೇರಿ 87,500ಕ್ಕ ಕೊಡ್ತೀನಿ ಅಂದಾನ. ಅಂವಗ ಅಂಗಡ್ಯಾಗ ನಮಗಿಂತ ಒಂದಿಷ್ಟು ಕಡಿಮಿ ರೇಟ್ ಸಿಗ್ತದ ಖರೇ, ಆದ್ರೂ 710 ಪ್ಲೈ, ಒಳಗ ಪೂರಾ ಮೈಕಾ, 36 ಸಾಫ್ಟ್ ಕ್ಲೋಸ್ ಹಿಂಜು ಹಾಕಿ 1,250ಕ್ಕ ಅಂವಗ ಕೂಲಿ ಬಿಟ್ಟು ಏನೂ ಉಳಿಯಂಗಿಲ್ಲ. ಅದ 18 ಎಂಎಂ ಎಂಆರ್ ಪ್ಲೈ ಹಾಕಿದ್ರ ಶೀಟಿಗೆ ಸಾವಿರದ ಮ್ಯಾಲೆ ಉಳೀತದ, 8 ಶೀಟಿಗೆ 9 ಸಾವಿರದ ಹತ್ರ. ಮೋಸ ಮಾಡ್ತಾನ ಅಂತ ನಾ ಅನ್ನಾಂಗಿಲ್ಲ, ಆದ್ರ 1,250 ಎಂಆರ್ ಪ್ಲೈದ್ದು ರೇಟು, 710ದ್ದಲ್ಲ. ಬಾತ್‌ರೂಮ್ ಗ್ವಾಡಿಗೆ ಎಂಆರ್ ಬ್ಯಾಡ್ರಿ. ಎಂಆರ್ ಅಂದ್ರ ಬರೇ ತೇವಾ ತಡಿಯೋದು, ನೀರು ತಡಿಯೋದಲ್ಲ. 710 ಅನ್ನೋದು ಐಎಸ್ 710, ಅದರ ಟೆಸ್ಟಿನಾಗ 72 ತಾಸು ಕುದಿಸಿದ್ರೂ ಪದರ ಬಿಡಬಾರದು ಅಂತ ಅದ.

ಶೀಟ್ ಇಳಿಸ್ಕೊಳ್ಳೋ ಮುಂದ ಪ್ರತಿಯೊಂದು ಶೀಟಿನ ಮ್ಯಾಲೆ ಐಎಸ್‌ಐ ಗುರುತು, ಐಎಸ್ 710 ಅಂತ ಅಚ್ಚು, ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರಬೇಕು, ಆ ನಂಬರ್ ಬಿಐಎಸ್ ಕೇರ್ ಆ್ಯಪಿನಾಗ ಹಾಕಿದ್ರ ಯಾವ ಕಂಪನಿದು, ಚಾಲ್ತಿ ಅದನೋ ಇಲ್ಲೋ ತೋರಸ್ತದ. ಮತ್ತ ಟೇಪ್ ಹಿಡಿದು ದಪ್ಪ ನೋಡ್ರಿ, 18 ಅಂತ ಬರ್ದು 16 ಎಂಎಂ ಕೊಡೋದು ಮಾಮೂಲಿ ಆಗ್ಯದ.

ಸಿಂಧನೂರು_ಅಕ್ಕ:

ಎಲ್ಲಾರೂ ಪ್ಲೈ ಬಗ್ಗೆನ ಹೇಳಾಕತ್ತೀರಿ, ದಿನಾ ಬಾಗಲಾ ತಗದು ಹಾಕೋರು ನಾವಲ್ಲೇನ್ರಿ. ತಮ್ಮಾ, ಸ್ಲೈಡಿಂಗ್ ಬ್ಯಾಡ ಅಂತ ನಿನ್ನ ಹೆಂಡ್ತಿಗೆ ನಾ ಹೇಳಿದೆ ಅಂತ ಹೇಳು, ಕಾರಣಾನೂ ಹೇಳು. ಸ್ಲೈಡಿಂಗ್‌ಗೆ ಒಂದರ ಮುಂದೊಂದು ಬಾಗಲಾ ಓಡ್ಬೇಕಲ್ಲ, ಅದಕ್ಕ 3-4 ಇಂಚು ಆಳ ಹೋಗ್ತದ. ನಿಂದು ಇರೋದ 2 ಫೂಟ್ 2 ಇಂಚು, ಹಿಂದ ಬೆನ್ನಿನ ಶೀಟು ಅದು ಇದು ಹೋಗಿ ಒಳಗ 21 ಇಂಚಿಗೂ ಕಡಿಮಿ ಉಳೀತದ. ಹ್ಯಾಂಗರ್ ಅಡ್ಡ ಇರೋದ 17-18 ಇಂಚು, ಕೋಟು ಶೇರ್ವಾನಿ ಹಾಕಿದ್ರ ತೋಳು ಬಾಗಲಕ್ಕ ತಾಗ್ತದ. ಅದಲ್ದ ಒಂದು ಹೊತ್ತಿಗೆ ಅರ್ಧಾನ ಕಾಣ್ತದ. ಮತ್ತ ನಮ್ಮ ಕಡೆ ದೂಳಿಗೆ ಆ ಕೆಳಗಿನ ಹಳಿ ತುಂಬಿ ತುಂಬಿ ಎಳ್ಯಾಕ ಬರಂಗಿಲ್ಲ, ಬ್ಯಾಸಗಿ ಗಾಳಿ ಬೀಸೋ ಮುಂದ ಎರಡು ಬಾಗಲದ ಸಂದಿಯಿಂದ ಬಟ್ಟಿ ಮ್ಯಾಲೆಲ್ಲಾ ಮಣ್ಣು. ಸಾದಾ ಬಾಗಲಾ, ನಡುವ ಒಂದು ಪಟ್ಟಿ ಹೊಡಸು, ದೂಳು ಬರಂಗಿಲ್ಲ. ಮುಂದ ಮಂಚಕ್ಕ ತಾಗಂಗಿದ್ರ ಮಾತ್ರ ಸ್ಲೈಡಿಂಗ್ ವಿಚಾರ ಮಾಡು.

ಒಳಗ ಹೆಂಗ ಮಾಡಸ್ಬೇಕು ಅನ್ನೋದನ್ನ ಬಡಿಗೇರಗ ಬಿಡಬ್ಯಾಡ. ಅವ್ರು ಒಂದ ಥರ ಮಾಡ್ತಾರ, ಅರ್ಧ ತೂಗಹಾಕೋದು ಅರ್ಧ ಹಲಗಿ. ನಮ್ಮ ಮನ್ಯಾಗ ಶರ್ಟು ಪ್ಯಾಂಟು ಎಷ್ಟು ತೂಗಹಾಕ್ತೀವಿ? ಇಳಕಲ್ ಸೀರಿ, ರೇಷ್ಮಿ ಸೀರಿ ಎಲ್ಲಾ ಮಡಚೇ ಇಡೋದು. ಹಲಗಿಗೆ ಹಲಗಿಗೆ ನಡುವ 10 ಇಂಚು ಸಾಕು, 15 ಇಂಚು ಇಟ್ರ ಒಂದರ ಮ್ಯಾಲೊಂದು 12 ಸೀರಿ ಇಟ್ಟು ಕೆಳಗಿಂದು ಎಳೆಯೋ ಹೊತ್ತಿಗೆ ಎಲ್ಲಾ ಬೀಳ್ತಾವ. ಡ್ರಾ ಎದಿ ಮಟ್ಟಕ್ಕಿಂತ ಕೆಳಗ ಇರ್ಲಿ, ಒಳಗಿಂದು ಬಗ್ಗಿ ನೋಡಂಗ. ಬಂಗಾರ ಇಡೋ ಲಾಕರ್ ಹಾಕೋದಿದ್ರ ಅದನ್ನ ಪ್ಲೈಗೆ ಸ್ಕ್ರೂ ಹೊಡಿಬ್ಯಾಡ್ರಿ, ಹಿಂದಿನ ಗ್ವಾಡಿಗೆ ಬೋಲ್ಟ್ ಹೋಗ್ಬೇಕು, ಬಾತ್‌ರೂಮ್ ಪೈಪ್ ಇಲ್ಲದ ಕಡೆ ನೋಡಿ. ಕೌದಿ, ಗಾದಿ, ಮದುವಿ ಭಾಂಡೆ ಎಲ್ಲಾ ಲಾಫ್ಟಿಗೆ ಹೋಗ್ತಾವ, ಅದಕ್ಕ ಲಾಫ್ಟಿನ ನಡುವ ಅಡ್ಡಪಟ್ಟಿ ಹಾಕಸಬ್ಯಾಡ, ದೊಡ್ಡ ಹಂಡೆ ತೂರಂಗಿಲ್ಲ.

ಅಲ್ಯೂಮಿನಿಯಂ ನಮ್ಮ ಅತ್ತಿ ಮನ್ಯಾಗ ಐತಿ. ನೀರಿಗೆ ಒರಲಿಗೆ ಏನೂ ಆಗಿಲ್ಲ, ಅದು ಖರೇ. ಆದ್ರ ಬಾಗಲಾ ಹಗುರ, ಹಾಕಿದ್ರ ದಡ್ ಅಂತೈತಿ, ಹುಡುಗ್ರು ಚೆಂಡು ಹೊಡದ ಕಡೆ ಎಸಿಪಿ ಒಳಗ ಹೋಗಿ ಗುರ್ತು ಬಿದ್ದೈತಿ. ಅಡಗಿಮನಿ ಕೆಳಗ, ಬಚ್ಚಲ ಬಾಜು ಅದು ಒಳ್ಳೇದು. ಬೆಡ್‌ರೂಮಿಗೆ ನನಗ ಮನಸಿಗೆ ಬರಲಿಲ್ಲ.

ಭಾಗ್ಯನಗರ_ಹೊಸಮನಿ:

ಎಲ್ಲಾರ್ಗೂ ಭಾಳ ಉಪಕಾರ ಆತು. ರಾಯಚೂರಿನ ಅಣ್ಣಾರ ಲೆಕ್ಕ ಹಿಡಕೊಂಡು ಮೊದಲನೇ ಬಡಿಗೇರ್ನ ಕೇಳಿದೆ, ಒಳಗ ಮೈಕಾ ಹಚ್ಚತೀರೇನು ಅಂದ್ರ ಅದಕ್ಕ ಬ್ಯಾರೆ ರೊಕ್ಕ ಆಗ್ತೈತಿ ಅಂದ್ರು. 710 ಅಂತ ಶೀಟಿನ ಮ್ಯಾಲೆ ಅಚ್ಚು ಇರ್ತೈತೇನು ಅಂದ್ರ ಅದ ಕ್ವಾಲಿಟಿದು ಅಂತ ಅಷ್ಟ ಅಂದ್ರು. ಸಿಂಧನೂರಿನ ಅಕ್ಕಾರ ಮಾತು ಮನ್ಯಾಕಿಗೆ ಓದಿ ಹೇಳಿದೆ, ಸ್ಲೈಡಿಂಗ್ ಬ್ಯಾಡ ಅಂತ ಒಪ್ಪಿದ್ಲು, ಹಲಗಿ 10 ಇಂಚಿನ ಮಾತು ಭಾಳ ಹಿಡಿಸ್ತು ಆಕಿಗೆ.

ಈಗ ಉಳಿದಿದ್ದು, ಸಾಮಾನು ನಾವ ತಂದು ಕೂಲಿ ಮ್ಯಾಲೆ ಮಾಡಿಸಿದ್ರ ಬಡಿಗೇರ್ನ ಜೋಡಿ ಏನೇನು ಮಾತಾಡಿಕೋಬೇಕು? ಮೂರು ಕಡೆ ಗ್ವಾಡಿ ಐತಲ್ಲ, ಬಾಜು ಪಟ್ಟಿ ಬೆನ್ನಿನ ಶೀಟು ಬಿಟ್ಟು ಬರೇ ಹಲಗಿ ಬಾಗಲಾ ಹಾಕಿದ್ರ ಖರ್ಚು ಕಡಿಮಿ ಆಗಂಗಿಲ್ಲೇನು? ಒಬ್ರು ಹಂಗ ಹೇಳಿದ್ರು.

ಗಂಗಾವತಿ_ಬಡಿಗೇರ:

ನಾ ಈ ಕೆಲಸ ಮಾಡಾಂವ ರೀ, ಗಂಗಾವತಿ. ನಮ್ಮಪ್ಪ ಬಂಡಿ ಗಾಲಿ ಬಾಗಲಾ ಚೌಕಟ್ಟು ಮಾಡ್ತಿದ್ದ, ನಾವು ಪ್ಲೈ ಹಿಡದೀವಿ. ಮ್ಯಾಲೆ ಬರ್ದಿದ್ದು ಎಲ್ಲಾ ಸರಿ ಐತಿ, ಆದ್ರ ಬಡಿಗೇರ್ನ ಕಡಿಂದನೂ ಒಂದೀಟು ಕೇಳ್ರಿ.

ಗಿರಾಕಿ ಬಂದ ಕೂಡ್ಲೆ ಕೇಳೋದು ಸ್ಕ್ವೇರ್ ಫೀಟಿಗೆ ಎಷ್ಟು ಅಂತ. ನಾ 1,400 ಅಂದ್ರ ಬಾಜೂದಾಂವ 1,250 ಅಂತಾನ, ಗಿರಾಕಿ ಅಲ್ಲಿಗೆ ಹೋಗ್ತಾನ. ಹಂಗಾಗಿ ಎಲ್ಲಾರೂ ಕಡಿಮಿ ರೇಟ್ ಹೇಳಿ ಒಳಗ ಅಡ್ಜಸ್ಟ್ ಮಾಡೋದು ಕಲ್ತಾರ. ಏನೇನು ಹಾಕ್ತೀನಿ ಅಂತ ಬರ್ಕೊಂಡು ಬರ್ರಿ ಅಂತ ನೀವ ಮೊದಲ ಕೇಳಿದ್ರ ಚೊಲೋ ಕೆಲಸ ಮಾಡೋ ಬಡಿಗೇರ್ಗೂ ಬದುಕಾಕ ಆಗ್ತೈತಿ. ಇದನ್ನ ನಾ ಖರೇ ಮನಸಿಂದ ಹೇಳಾಕತ್ತೀನಿ.

ಬಾಜು ಪಟ್ಟಿ ಬಿಡೋ ಮಾತು ಬ್ಯಾಡ. ಗೌಂಡಿ ಗ್ವಾಡಿ ಎಷ್ಟ ಚೊಲೋ ಕಟ್ಟಿದ್ರೂ ಮ್ಯಾಲೆ ಕೆಳಗ ಅರ್ಧ ಇಂಚು ಮುಕ್ಕಾಲು ಇಂಚು ವಾರಿ ಇರ್ತೈತಿ. ಹಿಂಜ್ ಗ್ವಾಡಿಗೆ ಕುಂದರಂಗಿಲ್ಲ, ಸಪಾಟು ಹಲಗಿಗೆ ಕುಂದರ್ತೈತಿ. ಬಾಕ್ಸ್ ಬ್ಯಾರೆ ಮಾಡಿ ರಸಮಟ್ಟ ಇಟ್ಟು ನೋಡಿ ಗೂಡಿನಾಗ ಕೂಡ್ಸಿ, ಸುತ್ತಲೂ ಉಳಿದ ಸಂದಿಗೆ ಪಟ್ಟಿ ಹೊಡೀಬೇಕು. ಅದಕ್ಕ ಬಾಕ್ಸ್ 7 ಫೂಟಿನ ಗೂಡಿಗೆ ಒಂದು ಇಂಚು ಕಡಿಮಿನ ಮಾಡೋದು. ಬೆನ್ನಿನ ಶೀಟು ಬಾತ್‌ರೂಮ್ ಗ್ವಾಡಿಗೆ ತಾಗಬಾರ್ದು, ನಾವು ಗ್ವಾಡಿಗೆ ಅರ್ಧ ಇಂಚಿನ ಪಟ್ಟಿ ಬಡದು ಗಾಳಿ ಆಡಾಕ ಸಂದಿ ಬಿಟ್ಟು ಅದರ ಮುಂದ ಬಾಕ್ಸ್ ಕೂಡಸ್ತೀವಿ. ಗ್ವಾಡಿ ಕಡೆ ಇರೋ ಮೈಗೆ ಪ್ರೈಮರ್ ಬಳೀರಿ, ಹಂಗ ಬರೇ ಪ್ಲೈ ಬಿಡಬ್ಯಾಡ್ರಿ.

7 ಫೂಟಿನ ಬಾಗಲಾ ಬಾಗೋದು ಯಾಕಂದ್ರ ಒಂದ ಕಡೆ ಮೈಕಾ ಹಚ್ಚಿರ್ತಾರ. ಹೊರಗ 1 ಎಂಎಂ ಮೈಕಾ, ಒಳಗ ಬರೇ ಬಣ್ಣ. ಮೈಕಾ ಒಂದು ಕಡೆ ಎಳೀತೈತಿ, ಇನ್ನೊಂದು ಕಡೆ ಎಳೆಯಾಕ ಏನೂ ಇಲ್ಲ, ಬಿಸಿಲಿಗೆ ಬಿಲ್ಲಿನಂಗ ಬಾಗ್ತೈತಿ. ಎರಡೂ ಕಡೆ ಮೈಕಾ ಇರಬೇಕು, ಒಳಗಿಂದು ಸಸ್ತಾದ್ದು ಇದ್ರೂ ನಡೀತೈತಿ ಆದ್ರ ಇರಬೇಕು. ಉದ್ದ ಬಾಗಲಕ್ಕ ಪ್ಲೈಕ್ಕಿಂತ ಬ್ಲಾಕ್‌ಬೋರ್ಡ್ (ನಡುವ ಕಟ್ಟಿಗಿ ಪಟ್ಟಿ ಜೋಡಿಸಿ ಮಾಡಿದ ಹಲಗಿ) ಚೊಲೋ, ಕಡಿಮಿ ಬಾಗ್ತೈತಿ, ಬಾಕ್ಸ್ ಎಲ್ಲಾ ಪ್ಲೈದಾಗ ಮಾಡಿ ಬಾಗಲಾ ಅಷ್ಟ ಬ್ಲಾಕ್‌ಬೋರ್ಡಿನಾಗ ಮಾಡಸ್ರಿ ಅಂತ ನಾ ಹೇಳ್ತೀನಿ. ಮೈಕಾ ಹಚ್ಚಿದ ಮ್ಯಾಲೆ ರಾತ್ರಿ ಪೂರಾ ಭಾರ ಹೇರಿ ಇಡಬೇಕು, ಅವಸರ ಮಾಡಿ ಅವತ್ತ ಹಿಂಜ್ ಹೊಡದ್ರ ಮುಂದ ಬ್ಯಾಸಗ್ಯಾಗ ಗುಳ್ಳಿ ಏಳ್ತಾವ.

ಕೂಲಿ ಮಾತಾಡೋ ಮುಂದ ಅಳತಿ ಹೆಂಗ ಹಿಡೀತೀರಿ ಅಂತ ಮೊದಲ ಕೇಳ್ರಿ. ಮುಂದಿನ ಮುಖ ಅಷ್ಟ ಅಂದ್ರ 70. ಕೆಲವರು ಮುಗಿದ ಮ್ಯಾಲೆ ಒಳಗಿನ ಡ್ರಾ ಬ್ಯಾರೆ, ಪಟ್ಟಿ ಬ್ಯಾರೆ ಅಂತ ಹಿಡೀತಾರ. ಮತ್ತ ನಿಮ್ಮ ಲಾಫ್ಟಿಗೆ ಆರ್‌ಸಿಸಿ ಐತಿ, ಬಾಕ್ಸ್ ಇಲ್ಲ, ಫ್ರೇಮು ಬಾಗಲಾ ಅಷ್ಟ, ಅದಕ್ಕ ಪೂರಾ 380 ಕೊಡಬ್ಯಾಡ್ರಿ. ನಾ ಆದ್ರ ಅಂಥಾದ್ದಕ್ಕ 200 ತೊಗೊಂತೀನಿ. ಕೆಳಗಿನ 49ಕ್ಕ 380ರಂಗ 18,620, ಲಾಫ್ಟಿನ 21ಕ್ಕ 200ರಂಗ 4,200, ಒಟ್ಟು 22,820. ರಾಯಚೂರಿನವರ ಸಾಮಾನು ಲೆಕ್ಕಕ್ಕ ಕೂಡಿಸಿದ್ರ 85,280 ಬರ್ತೈತಿ, ನಿಮ್ಮ 90 ಸಾವಿರದ ಒಳಗ. ಶೋರೂಮಿನವ್ರೂ ಲಾಫ್ಟಿಗೆ ಪೂರಾ ರೇಟ್ ಹಾಕ್ಯಾರ, ಅದನ್ನೂ ಕೇಳಬಹುದಿತ್ತು. ಅವರ ಕೆಲಸಾ ಕೆಟ್ಟದ್ದಲ್ಲ, ಮಷಿನ್ ಕಟಿಂಗು, ಅಂಚಿನ ಪಟ್ಟಿ ಮಷಿನ್‌ನಾಗ ಬಿಸಿ ಮಾಡಿ ಹಚ್ಚಿರ್ತಾರ, ಕೈಲೆ ಹಚ್ಚಿದ್ದಕ್ಕಿಂತ ಗಟ್ಟಿ. ಆದ್ರ ಒಳಗಿನ ಬಾಕ್ಸ್ ಯಾವುದರಾಗ ಅಂತ ಕೇಳ್ರಿ, ಪಾರ್ಟಿಕಲ್ ಬೋರ್ಡ್ (ಕಟ್ಟಿಗಿ ಪುಡಿ ಅಂಟಿಸಿ ಮಾಡಿದ್ದು) ಆದ್ರ ಬಾತ್‌ರೂಮ್ ಗ್ವಾಡಿಗೆ ನೀರು ಬಡದ್ರ ಉಬ್ಬಿ ಹೋಗ್ತೈತಿ, ರಿಪೇರಿ ಬರಂಗಿಲ್ಲ.

ಸಿರುಗುಪ್ಪ_ಭತ್ತ:

ಯಾರೂ ಕಡಪ ಕಲ್ಲಿನ ಮಾತು ಎತ್ತಲಿಲ್ಲ ಅಂತ ಬರೀತಿದೀನಿ. ನಮ್ಮ ಹಳೇ ಮನೇಲೂ ಅದೇ, ಹೊಸ ಮನೇಲೂ ಅದೇ ಹಾಕ್ಸಿದ್ವಿ. ನಿಂತ ಪಟ್ಟಿ ಎರಡು, ಅಡ್ಡ ನಾಲ್ಕು ಸಾಲು, ಎಲ್ಲಾ ಪಾಲಿಶ್ ಕಡಪ, ನಿಮ್ಮ ಅಳತೆಗೆ ಸುಮಾರು 84 ಸ್ಕ್ವೇರ್ ಫೀಟ್ ಕಲ್ಲು ಬೀಳುತ್ತೆ, ನಮ್ಮ ಕಡೆ 70ರ ಹಂಗೆ ಹಿಡಿದ್ರೆ 5,880, ಕೂಡಿಸೋಕೆ ಗೌಂಡಿಗೆ 4,000. ಮುಂದೆ ಫ್ರೇಮು ಬಾಗಿಲು ಮಾತ್ರ ಪ್ಲೈದು, ಅದು 650ರ ಹಂಗೆ 45,500. ಒಟ್ಟು 55 ಸಾವಿರದ ಹತ್ರ ಮುಗೀತು. ಗೆದ್ದಲು ಒಳಗೆ ಬರಲ್ಲ, ಹಿಂದೆ ತೇವ ಬಂದ್ರೂ ಕೊಳೆಯೋಕೆ ಒಳಗೆ ಮರಾನೇ ಇಲ್ಲ.

ಆದ್ರೆ ಇದಕ್ಕೂ ತಾಪತ್ರಯ ಐತೆ. ಕಲ್ಲು ಪ್ಲಾಸ್ಟರ್‌ಗೆ ಮುಂಚೆ ಗೋಡೆ ಒಳಗೆ ಎರಡು ಇಂಚು ತೂರಿಸಿ ಕೂರಿಸಬೇಕು, ನಿಮ್ದು ಪ್ಲಾಸ್ಟರ್ ಆಗೋಗೈತೆ, ಈಗ ಕೊರೀಬೇಕು, ಬಾತ್‌ರೂಮ್ ಪೈಪ್ ಇರೋ ಗೋಡೆ ಬೇರೆ. ಡ್ರಾ ಬೇಕಂದ್ರೆ ಒಳಗೆ ಸಣ್ಣ ಪ್ಲೈ ಬಾಕ್ಸ್ ಮಾಡಿ ಇಡ್ಬೇಕು. ಹಲಗೆ ಎತ್ತರ ಆಮೇಲೆ ಬದಲು ಮಾಡೋಕಾಗಲ್ಲ. ಮಕ್ಕಳ ರೂಮಿಗೆ, ಸಾಮಾನು ಇಡೋ ರೂಮಿಗೆ ಇದು ಸಾಕು. ನಾನಾಗಿದ್ರೆ ಮಾಸ್ಟರ್ ಬೆಡ್‌ರೂಮಿಗೆ ಪ್ಲೈ ಮಾಡಿಸಿ ಎರಡನೇ ರೂಮಿಗೆ ಕಲ್ಲು ಹಾಕಿಸ್ತಿದ್ದೆ, ಎರಡೂ ರೂಮ್ ಲೆಕ್ಕ ಸೇರಿಸಿ ನೋಡಿ, ಆಗ ಬಜೆಟ್ ಹಗುರ ಆಗುತ್ತೆ.

ಭಾಗ್ಯನಗರ_ಹೊಸಮನಿ:

ಎರಡನೇ ರೂಮಿಗೆ ಇನ್ನೂ ಪ್ಲಾಸ್ಟರ್ ಒಂದು ಕಡೆ ಬಾಕಿ ಐತಿ ರೀ, ಅಲ್ಲಿ ಕಡಪ ಹಾಕಸೋದು ಬರೋಬರಿ ಅನ್ನಸ್ತು, ನಾಳೆನ ಗೌಂಡಿಗೆ ಹೇಳ್ತೀನಿ. ಮಾಸ್ಟರ್ ಬೆಡ್‌ರೂಮಿಗೆ ಕೂಲಿ ಮ್ಯಾಲೆ ಮಾಡಸೋದಂತ ಠರಾಯಿಸೀವಿ, 710 ಪ್ಲೈ, ಬಾಗಲಾ ಬ್ಲಾಕ್‌ಬೋರ್ಡ್, ಒಳಗ ಪೂರಾ ಮೈಕಾ, ಸಾದಾ ಬಾಗಲಾ. ಎರಡನೇ ಬಡಿಗೇರ್ನ ಜೋಡಿ ಲಾಫ್ಟಿನ ರೇಟ್ ಮಾತಾಡಿದೆ, 220ಕ್ಕ ಒಪ್ಪಿದ್ರು. ಗ್ವಾಡಿಗೆ ಪ್ಲಾಸ್ಟಿಕ್ ಹಾಳಿ ಅಂಟಿಸಿ ನೋಡಿದ್ರ ಕೆಳಗಿನ ಕಡೆ ಹನಿ ಕಟ್ಟಿತ್ತು, ಅದಕ್ಕ ಬಾತ್‌ರೂಮ್ ಟೈಲ್ಸ್ ನಿಲ್ಸೀವಿ, ಮೊದಲ ವಾಟರ್‌ಪ್ರೂಫಿಂಗ್ ಆಗ್ಲಿ ಅಂತ. ಅಡ್ವಾನ್ಸ್ ಎಷ್ಟು ಕೊಡ್ಬೇಕು ರೀ? ಅವ್ರು ಅರ್ಧ ಕೇಳ್ಯಾರ.

ಗಂಗಾವತಿ_ಬಡಿಗೇರ:

ಸಾಮಾನು ನಿಮ್ಮದ ಇದ್ದ ಮ್ಯಾಲೆ ಅರ್ಧ ಅಡ್ವಾನ್ಸ್ ಯಾಕ ಬೇಕು ರೀ, ನಮ್ಮ ಕೈಲೆ ಏನೂ ಖರೀದಿ ಆಗಂಗಿಲ್ಲ. ಹುಡುಗರ ಊಟಾ ಪಗಾರ ಸಲುವಾಗಿ 3,000 ಕೊಡ್ರಿ, ಬಾಕ್ಸ್ ಕೂಡಿಸಿದ ಮ್ಯಾಲೆ 10,000, ಬಾಗಲಾ ಹಾಕಿ ಹಿಂಜ್ ಹೊಂದಿಸಿದ ಮ್ಯಾಲೆ 6,000, ಉಳಿದಿದ್ದು ಎಲ್ಲಾ ಬಾಗಲಾ ಡ್ರಾ ನೀವ ತಗದು ಹಾಕಿ ನೋಡಿದ ಮ್ಯಾಲೆ. ಗ್ವಾಡಿ ಪೂರಾ ಒಣಗೋ ತನಕ ಶೀಟ್ ತರಬ್ಯಾಡ್ರಿ, ತಂದ್ರ ನೆಲದ ಮ್ಯಾಲೆ ನಿಲ್ಲಸಬ್ಯಾಡ್ರಿ, ಕೆಳಗ ಕಟ್ಟಿಗಿ ತುಂಡು ಇಟ್ಟು ಮಲಗಸ್ರಿ, ಗ್ವಾಡಿಗೆ ಆನಿಸಿ ನಿಲ್ಲಿಸಿದ ಶೀಟು ಕೆಲಸ ಶುರುವಾಗೋ ಮುಂಚೇನ ಬಾಗಿರ್ತೈತಿ.